ಅಭಾವಕ್ಕೆ ತೆತ್ತ ಬೆಲೆ

ಕಳೆದ ಚಳಿಗಾಲದಲ್ಲಿ ನ್ಯೂಜರ್ಸಿಯಲ್ಲಿರುವ ನನ್ನ ಸೋದರಳಿಯನ ಮನೆಯಲ್ಲಿ ಕೆಲವು ವಾರ ತಂಗಿದ್ದಾಗ, ಒಂದು ರಾತ್ರಿ ಊಟವಾದ ಮೇಲೆ ಆತನು ಕಪಾಟಿನಿಂದ ಉದ್ದನೆಯ ನೀಲಿ ಪೆಟ್ಟಿಗೆಯೊಂದನ್ನು ತಂದು ನನ್ನ ಮುಂದಿಟ್ಟು, “ಮಾವ, ಇಂಥದೇ ಇನ್ನೊಂದು ಲಾಟ್ ಮಾರಾಟಕ್ಕೆ ಬಂದಿದೆ, ತೆಗೆದುಕೊಳ್ಳಲೋ ಬೇಡವೋ, ನೀವು ಹೇಳಿ” ಎಂದನು. ಹಳೆಯ ನಾಣ್ಯಗಳ ಹವ್ಯಾಸ ನನಗೂ ಸ್ವಲ್ಪ ಉಂಟೆಂಬುದು ಅವನಿಗೆ ಗೊತ್ತು. ಪೆಟ್ಟಿಗೆಯನ್ನು ತೆರೆದರೆ ಇಪ್ಪತ್ತು ಪಾರದರ್ಶಕ ಪ್ಲಾಸ್ಟಿಕ್ ಬಿಲ್ಲೆಗಳು ಪುಸ್ತಕಗಳಂತೆ ಸಾಲಾಗಿ ನಿಂತಿದ್ದವು. ಒಂದೊಂದರ ಒಡಲಲ್ಲಿಯೂ ಒಂದೊಂದು ಬೆಳ್ಳಿಯ ನಾಣ್ಯ. ಮೇಲ್ಗಡೆ ಒಂದು ಚೀಟಿ. ಚೀಟಿಯಲ್ಲಿ ಇಸವಿ, ನೋಂದಣಿಯ ಅಂಕೆ, ಅದರ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಎಂ.ಎಸ್. (‘ಮಿಂಟ್ ಸ್ಟೇಟ್’, ಎಂದರೆ ಬಳಕೆಯಾಗದ ನಾಣ್ಯ) 69. ಆರು ಬಿಲ್ಲೆಗಳ ಮೇಲೆ ಮಾತ್ರ 70 ಎಂದಿತ್ತು.

ನಾಣ್ಯವೇನೋ ಸುಂದರವಾದದ್ದೇ. ಅಮೆರಿಕದ ಟಂಕಸಾಲೆಯು 1986ರಿಂದ ಅಚ್ಚು ಹಾಕುತ್ತಿರುವ ‘ಸಿಲ್ವರ್ ಈಗಲ್’ ಅದು. ಮುಖಬೆಲೆ ಒಂದು ಡಾಲರ್, ತೂಕ 31 ಗ್ರಾಮಿಗೆ ಕೊಂಚ ಮೇಲು, ಸಾವಿರಕ್ಕೆ 999 ಪಾಲು ಶುದ್ಧ ಬೆಳ್ಳಿ. ಅಡಾಲ್ಫ್ ವೈನ್‌ಮನ್ ಎಂಬ ಶಿಲ್ಪಿ 1916ರ ಅರ್ಧ ಡಾಲರಿಗಾಗಿ ರಚಿಸಿದ ಸ್ವಾತಂತ್ರ್ಯದೇವಿಯು, ತೋಳಿನಲ್ಲಿ ಕೊಂಬೆಗಳನ್ನು ಹೊತ್ತು ಉದಯಸೂರ್ಯನ ಕಡೆಗೆ ಹೆಜ್ಜೆಯಿಡುತ್ತಿರುವ ಚಿತ್ರ ಅದರ ಮೇಲೆ. ಆದರೆ ನನ್ನ ಅಳಿಯನು ಹಣ ತೆತ್ತದ್ದು ದೇವಿಗೂ ಅಲ್ಲ, ಬೆಳ್ಳಿಗೂ ಅಲ್ಲ. ಚೀಟಿಯ ಮೇಲಿನ ಆ ಎರಡು ಅಂಕೆಗಳಿಗೆ. ಆದುದರಿಂದ ಅವನ ಪ್ರಶ್ನೆ ನನಗೆ ಹಣಕಾಸಿನ ಪ್ರಶ್ನೆಯಾಗಿ ತೋರದೆ, ಬೆಲೆಯೆಂಬುದು ವಸ್ತುವಿನಲ್ಲಿ ಇರುವುದೋ, ನೋಡುವವನಲ್ಲಿ ಇರುವುದೋ, ಇಲ್ಲವೆ ಬೇರೊಬ್ಬನ ಮಾತಿನಲ್ಲಿ ಇರುವುದೋ ಎಂಬ ಬಹು ಹಳೆಯ ಜಿಜ್ಞಾಸೆಯಾಗಿ ಕಂಡಿತು.

ಈ ಅಂಕೆಗಳ ಕಥೆಯನ್ನು ಸಂಕ್ಷೇಪವಾಗಿ ಹೇಳಬೇಕು. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬಾತನು ಅಮೆರಿಕದ ಹಳೆಯ ದೊಡ್ಡ ತಾಮ್ರದ ಸೆಂಟುಗಳನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ, ಸವೆದು ಗುರುತು ಮಾತ್ರ ಉಳಿದ ನಾಣ್ಯಕ್ಕೆ ಒಂದೆಂದೂ, ನಿಷ್ಕಳಂಕವಾದುದಕ್ಕೆ ಎಪ್ಪತ್ತೆಂದೂ ಒಂದು ಮಾನವನ್ನು ಏರ್ಪಡಿಸಿದನು. ಒಂದರ ಬೆಲೆಯ ಎಪ್ಪತ್ತರಷ್ಟು ಎಪ್ಪತ್ತರ ಬೆಲೆ ಎಂಬುದು ಅವನ ಮೂಲಭಾವನೆ. 1986ರಲ್ಲಿ ಪಿ.ಸಿ.ಜಿ.ಎಸ್., 1987ರಲ್ಲಿ ಎನ್.ಜಿ.ಸಿ. ಎಂಬ ಸಂಸ್ಥೆಗಳು ಕೆಲಸಕ್ಕೆ ತೊಡಗಿ, ಕಳುಹಿಸಿಕೊಟ್ಟ ನಾಣ್ಯವನ್ನು ಪರೀಕ್ಷಿಸಿ, ಅಂಕೆ ಕೊಟ್ಟು, ಬಿಲ್ಲೆಯೊಳಗೆ ಭದ್ರವಾಗಿ ಮುಚ್ಚಿ ಹಿಂದಿರುಗಿಸುವ ಪದ್ಧತಿಯನ್ನು ಬಳಕೆಗೆ ತಂದವು. ಅದರಿಂದ ಉಪಕಾರವಾಗಿಲ್ಲವೆಂದು ಹೇಳಲಾಗದು. 1916ರಲ್ಲಿ ಡೆನ್ವರ್ ಟಂಕಸಾಲೆಯಲ್ಲಿ ಅಚ್ಚಾದ ಹತ್ತು ಸೆಂಟಿನ ನಾಣ್ಯಗಳು ಕೇವಲ 2,64,000. ಬೇರೆ ಟಂಕಸಾಲೆಯ ಅದೇ ವರ್ಷದ ನಾಣ್ಯಕ್ಕೆ ‘ಡಿ’ ಅಕ್ಷರವನ್ನು ಅಂಟಿಸಿ ಮಾರುವ ವಂಚಕರು ಬಹುಮಂದಿ. ಅಂಥಲ್ಲಿ ಸಂದೇಹವು ನಿಜವಾದದ್ದು. ಪರಿಣತನ ಮಾತು ಆ ಸಂದೇಹಕ್ಕೆ ಔಷಧ. ಆದರೆ ನಿನ್ನೆ ಮೊನ್ನೆ ಟಂಕಸಾಲೆಯಿಂದ ನೇರವಾಗಿ ಬಂದ, ಕೈಯಿಂದ ಕೈಗೆ ಚಲಾವಣೆಯಾಗಿ ಸವೆಯಲು ಅವಕಾಶವನ್ನೇ ಕಾಣದ ನಾಣ್ಯಕ್ಕೆ ಯಾವ ರೋಗವುಂಟೆಂದು ಈ ಔಷಧ? ನಾಣ್ಯವು ಬಿಡುಗಡೆಯಾದ ಮೊದಲ ಮೂವತ್ತು ದಿನಗಳಲ್ಲಿ ಆ ಸಂಸ್ಥೆಗಳ ಕೈಸೇರಿತೆಂಬುದಕ್ಕೂ ಒಂದು ವಿಶೇಷ ಚೀಟಿ ಅಂಟಿಸುವುದುಂಟು. ಅದರ ವಿಚಾರ ಬೇಡ.

“ಎಪ್ಪತ್ತು ಬಹಳ ವಿರಳವಲ್ಲವೇ, ಮಾವ?” ಎಂದು ಅಳಿಯ ಕೇಳಿದನು. ನಿಜವಾದ ಗಂಟು ಇರುವುದು ಈ ‘ವಿರಳ’ ಎಂಬ ಮಾತಿನಲ್ಲಿಯೇ.

ವಿರಳವೆಂದರೆ ಹೆಚ್ಚು ಇಲ್ಲವೆಂದು ಅರ್ಥ. ಹೀಗೆ ನೋಡಿದರೆ ವಿರಳವಸ್ತುವನ್ನು ಕೊಳ್ಳುವವನು ಇರುವ ಒಂದಕ್ಕೆ ಎಷ್ಟು ಬೆಲೆ ಕೊಡುತ್ತಾನೆಯೋ, ಇಲ್ಲದಿರುವ ಸಾವಿರಕ್ಕೂ ಅಷ್ಟೇ ಬೆಲೆ ಕೊಡುತ್ತಾನೆ. ನಮ್ಮ ನೈಯಾಯಿಕರು ಅಭಾವವನ್ನೂ ಒಂದು ಪದಾರ್ಥವೆಂದು ಎಣಿಸಿ, ಅದರಲ್ಲಿ ಭೇದಗಳನ್ನು ಹೇಳಿದ್ದಾರೆ. ಕುಂಬಾರನು ಮಡಕೆಯನ್ನು ಮಾಡುವುದಕ್ಕೆ ಮುಂಚೆ ಮಡಕೆಯಿಲ್ಲ, ಇದು ಪ್ರಾಗಭಾವ. ಇದಕ್ಕೆ ಆದಿಯಿಲ್ಲ, ಆದರೆ ಅಂತ್ಯವುಂಟು. ಮಡಕೆ ಹುಟ್ಟಿದೊಡನೆ ಅದು ನಾಶವಾಗುತ್ತದೆ. ಮಡಕೆ ಒಡೆದುಹೋದ ಮೇಲೂ ಮಡಕೆಯಿಲ್ಲ, ಇದು ಪ್ರಧ್ವಂಸಾಭಾವ. ಇದಕ್ಕೆ ಆದಿಯುಂಟು, ಅಂತ್ಯವಿಲ್ಲ. ಒಡೆದ ಮಡಕೆ ಮತ್ತೆಂದಿಗೂ ಆ ಮಡಕೆಯಾಗದು. ತಾರುಣ್ಯದಲ್ಲಿ ತರ್ಕಸಂಗ್ರಹವನ್ನು ಓದುವಾಗ ಈ ವಿಭಾಗವು ನನಗೆ ಬರಿಯ ಶಬ್ದಜಾಲವೆಂದು ತೋರಿತ್ತು. ಆ ರಾತ್ರಿ ಅದು ಅಂಗೈಯ ನೆಲ್ಲಿಯಂತೆ ಸ್ಪಷ್ಟವಾಯಿತು.

ಅಮೆರಿಕವು 1918ರ ಪಿಟ್‌ಮನ್ ಕಾಯಿದೆಯ ಮೇರೆಗೆ ತನ್ನ ಬೊಕ್ಕಸದ ಹಳೆಯ ಬೆಳ್ಳಿಯ ಡಾಲರುಗಳನ್ನು ಕರಗಿಸಿತು: ಇಪ್ಪತ್ತೇಳು ಕೋಟಿಗೂ ಮಿಕ್ಕ ನಾಣ್ಯಗಳು ಕುಲುಮೆಗೆ ಸೇರಿದವು. ಯಾವ ಇಸವಿಯವು ಎಷ್ಟು ಹೋದವೋ, ಹೋದವು ಹೋದವೇ. ಹಳೆಯ ಡಾಲರೊಂದು ಇಂದು ವಿರಳವಾಗಿದ್ದರೆ ಅದರ ಹಿಂದಿರುವುದು ಪ್ರಧ್ವಂಸಾಭಾವ. ಆ ಅಭಾವವನ್ನು ಯಾವ ರಾಜಾಜ್ಞೆಯೂ ಹಿಂದೆಗೆಯಲಾರದು. ಹೊಸ ನಾಣ್ಯದ ಎಪ್ಪತ್ತರ ವಿರಳತೆ ಹಾಗಲ್ಲ. 2015ನೆಯ ಒಂದೇ ವರ್ಷದಲ್ಲಿ ನಾಲ್ಕು ಕೋಟಿ ಎಪ್ಪತ್ತು ಲಕ್ಷ ಸಿಲ್ವರ್ ಈಗಲ್‌ಗಳು ಅಚ್ಚಾದವು. ಅವುಗಳಲ್ಲಿ ಅಂಕೆ ಪಡೆದವು ಸ್ವಲ್ಪ. ಉಳಿದವು ಕೊಳವೆಗಳಲ್ಲಿ, ಪೆಟ್ಟಿಗೆಗಳಲ್ಲಿ, ಯಾರು ಯಾರದೋ ತಿಜೋರಿಗಳಲ್ಲಿ ಹೊಳೆಯುತ್ತ ಕುಳಿತಿವೆ. ಅವುಗಳಿಗೆ ಎಪ್ಪತ್ತೆಂಬ ಚೀಟಿ ಇಲ್ಲದಿರುವುದು ಅವು ಎಪ್ಪತ್ತಲ್ಲವೆಂಬ ಕಾರಣದಿಂದಲ್ಲ, ಇನ್ನೂ ಯಾರೂ ಕಳುಹಿಸಿಲ್ಲವೆಂಬ ಕಾರಣದಿಂದ. ದೊಡ್ಡ ವರ್ತಕರು ನೂರುಗಟ್ಟಲೆ ನಾಣ್ಯಗಳನ್ನು ಒಟ್ಟಿಗೆ ಕಳುಹಿಸಿ, ಇಂಥ ಅಂಕೆಗಿಂತ ಕೆಳಗಿನವನ್ನು ಬಿಲ್ಲೆಗೆ ಹಾಕದೆ ಹಿಂದಿರುಗಿಸಿರೆಂದು ಕರಾರು ಮಾಡಿಕೊಳ್ಳಬಹುದು. ಪ್ರತಿಯೊಂದು ಅಂಕೆಯ ನಾಣ್ಯಗಳು ಎಷ್ಟೆಂದು ಆ ಸಂಸ್ಥೆಗಳೇ ಪ್ರಕಟಿಸುವ ಪಟ್ಟಿಯುಂಟು. ಹೊಸ ನಾಣ್ಯಗಳ ಮಟ್ಟಿಗೆ ಆ ಲೆಕ್ಕ ಏರುವುದನ್ನೇ ಬಲ್ಲುದು. ಇದು ಪ್ರಾಗಭಾವ, ದಿನದಿನವೂ ಸಾಯುತ್ತಿರುವ ಅಭಾವ. ಇದನ್ನು ಒಂದೆರಡಲ್ಲ, ಇಪ್ಪತ್ತರ ಲಾಟಿನಲ್ಲಿ ಕೊಳ್ಳುವುದೆಂದರೆ, ಸಗಟಾಗಿ ದೊರೆಯುತ್ತದೆಂಬುದೇ ವಿರಳವಲ್ಲವೆಂಬುದಕ್ಕೆ ಸಾಕ್ಷಿಯಾಗಿರುವ ಸರಕನ್ನು ವಿರಳವೆಂದು ಕೊಂಡಂತೆ. ನನ್ನ ಅಳಿಯನು ಹಿಂದೊಮ್ಮೆ ನಾಲ್ಕು ಅರುವತ್ತೊಂಬತ್ತುಗಳನ್ನು ಮಾರಲು ಹೋದಾಗ ವರ್ತಕನು ಚೀಟಿಯ ಕಡೆ ನೋಡದೆ ಆ ದಿನದ ಬೆಳ್ಳಿಯ ಧಾರಣೆಯನ್ನು ನೋಡಿ ಬೆಲೆ ಹೇಳಿದನಂತೆ.

ಇಷ್ಟರಿಂದ ಕೊಳ್ಳಬೇಡವೆಂಬ ಉತ್ತರವೇನೋ ಸಿದ್ಧವಾಯಿತು. ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಕಲಕಿದ್ದು ಬೇರೊಂದು ಸಂಗತಿ. ಜ್ಞಾನದ ಪ್ರಾಮಾಣ್ಯವು ಸ್ವತಃ ಸಿದ್ಧವೋ, ಪರತಃ ಸಿದ್ಧವೋ ಎಂದು ಮೀಮಾಂಸಕರೂ ನೈಯಾಯಿಕರೂ ಶತಮಾನಗಳ ಕಾಲ ವಾದಿಸಿದರು. ಒಂದು ಅರಿವು ಸರಿಯೆಂಬುದಕ್ಕೆ ಇನ್ನೊಂದು ಬೇಕಾದರೆ, ಆ ಇನ್ನೊಂದಕ್ಕೆ ಮತ್ತೊಂದು ಬೇಕು. ಇದು ಅನವಸ್ಥೆ ಎಂದು ಮೀಮಾಂಸಕರ ಆಕ್ಷೇಪ. ಬಿಲ್ಲೆಗಳ ಲೋಕದಲ್ಲಿ ಈ ಅನವಸ್ಥೆಯು ಕಣ್ಣಿಗೆ ಕಾಣುವಂತೆ ನಡೆದಿದೆ. ನಾಣ್ಯವನ್ನು ನಂಬಲಾರದೆ ಬಿಲ್ಲೆಯನ್ನು ತಂದರು; ಬಿಲ್ಲೆಗಳಲ್ಲಿಯೇ ನಕಲಿಗಳು ಹುಟ್ಟಿದವು; ಅದಕ್ಕಾಗಿ ಚೀಟಿಗೆ ಮಿನುಗುವ ಮುದ್ರೆ ಬಂತು. ಕೊಟ್ಟ ಅಂಕೆಯೇ ಸರಿಯೋ ಎಂಬ ಶಂಕೆಗೆ 2007ರಲ್ಲಿ ಸಿ.ಎ.ಸಿ. ಎಂಬ ಮತ್ತೊಂದು ಸಂಸ್ಥೆ ಹುಟ್ಟಿ, ಬಿಲ್ಲೆಯ ಮೇಲೆ ಹಸುರು ಗುರುತನ್ನು ಅಂಟಿಸತೊಡಗಿತು. ಬಿಲ್ಲೆಯನ್ನೊಡೆದು ಅದೇ ನಾಣ್ಯವನ್ನು ಮತ್ತೆ ಕಳುಹಿಸಿ ಮೇಲಿನ ಅಂಕೆಗಾಗಿ ಕಾಯುವವರೂ ಉಂಟು, ಕೆಲವೊಮ್ಮೆ ಪಡೆಯುವವರೂ ಉಂಟು. ಈ ಸರಪಳಿ ಎಲ್ಲಿ ನಿಲ್ಲಬೇಕು? ಉಡುಪಿಯ ಮಧ್ವಾಚಾರ್ಯರ ಮತದಲ್ಲಿ ಪ್ರಾಮಾಣ್ಯವನ್ನು ಕಡೆಗೆ ಗ್ರಹಿಸುವುದು ಸಾಕ್ಷಿ. ಅದು ನೋಡುವವನೊಳಗೇ ಇರತಕ್ಕದ್ದು, ಹೊರಗಿನಿಂದ ತಂದು ಅಂಟಿಸತಕ್ಕದ್ದಲ್ಲ.

ಬುದ್ಧಘೋಷನ ವಿಶುದ್ಧಿಮಾರ್ಗದಲ್ಲಿ ನಾಣ್ಯದ ಒಂದು ದೃಷ್ಟಾಂತವಿದೆ. ಚಿನಿವಾರನ ಹಲಗೆಯ ಮೇಲೆ ನಾಣ್ಯಗಳ ರಾಶಿ ಬಿದ್ದಿದೆ. ಅದನ್ನು ಒಂದು ಮಗುವೂ, ಒಬ್ಬ ಹಳ್ಳಿಗನೂ, ಚಿನಿವಾರನೂ ನೋಡುತ್ತಾರೆ. ಮಗುವಿಗೆ ತಿಳಿಯುವುದು ಅವುಗಳ ಚಿತ್ತಾರ, ಉದ್ದ, ಚೌಕ, ದುಂಡು. ಹಳ್ಳಿಗನಿಗೆ ಅದರ ಜೊತೆಗೆ ಅವು ಜನರ ಉಪಯೋಗಕ್ಕೆ ಬರುವಂಥವೆಂಬುದೂ ತಿಳಿದಿದೆ. ಚಿನಿವಾರನಾದರೋ ಕಣ್ಣಿನಿಂದ ನೋಡಿ, ಬಡಿದು ದನಿ ಕೇಳಿ, ಮೂಸಿ, ನಾಲಗೆಗೆ ತಾಗಿಸಿ, ಕೈಯಲ್ಲಿ ತೂಗಿ, ಇದು ಸಾಚಾ, ಇದು ಖೋಟಾ, ಇದು ಇಂಥ ಊರಿನಲ್ಲಿ ಇಂಥ ಕುಶಲಿಯು ಮಾಡಿದ್ದೆಂದು ಹೇಳಬಲ್ಲನು. ಸಂಜ್ಞೆ, ವಿಜ್ಞಾನ, ಪ್ರಜ್ಞೆಗಳೆಂಬ ಅರಿವಿನ ಮೂರು ಮೆಟ್ಟಿಲುಗಳಿಗೆ ಆ ಆಚಾರ್ಯನು ಕೊಟ್ಟ ಹೋಲಿಕೆ ಇದು. ಮುಚ್ಚಿದ ಬಿಲ್ಲೆಯನ್ನು ಬಡಿಯುವಂತಿಲ್ಲ, ಮೂಸುವಂತಿಲ್ಲ, ತೂಗುವಂತಿಲ್ಲ. ಚಿನಿವಾರನ ಐದು ದ್ವಾರಗಳಲ್ಲಿ ನಾಲ್ಕು ಮುಚ್ಚಿ ಒಂದು ಮಾತ್ರ ಉಳಿದಿದೆ. ಅದನ್ನಾದರೂ ಅಳಿಯನು ಬಳಸಿದ್ದನೇ ಎಂದು ನನಗೆ ಶಂಕೆ ಬಂದಿತು. ಕೇಳಿದೆ. “ಚೀಟಿ ಇದೆಯಲ್ಲ, ಮಾವ” ಎಂದನು.

ಆಗ ನಾನು ಇಪ್ಪತ್ತು ಬಿಲ್ಲೆಗಳ ಚೀಟಿಯ ಮೇಲೂ ಕಾಗದದ ಪಟ್ಟಿಗಳನ್ನು ಸುತ್ತಿಸಿ, ಕಲಸಿ ಮೇಜಿನ ಮೇಲೆ ಹರಡಿಸಿ, ಐದು ಪಟ್ಟು ಹಿಗ್ಗಿಸುವ ಭೂತಗನ್ನಡಿಯನ್ನು ಅವನ ಕೈಗೆ ಕೊಟ್ಟೆ. ಅಷ್ಟು ಹಿಗ್ಗಿಸಿದಾಗ ಯಾವ ಕುಂದೂ ಕಾಣದಿದ್ದರೆ ಎಪ್ಪತ್ತೆಂಬುದು ಶ್ರೇಣಿಕಾರರ ನಿಯಮ. ಮೊದಲು ಅವನಿಗೆ ಎಲ್ಲವೂ ಒಂದೇ ಬಗೆಯ ಹೊಳಪಾಗಿ ಕಂಡವು. ಸ್ವಲ್ಪ ಹೊತ್ತಿನ ಮೇಲೆ ದೀಪವನ್ನು ಓರೆ ಮಾಡಿಕೊಂಡು, ದೇವಿಯ ಸೆರಗಿನ ನೆರಿಗೆಗಳನ್ನೂ, ಸೂರ್ಯನ ಕಿರಣಗಳು ಅಂಚನ್ನು ಮುಟ್ಟುವ ಕಡೆಯನ್ನೂ ಒಂದೊಂದಾಗಿ ನೋಡತೊಡಗಿದನು. “ಈ ಪಾದಕ್ಕೆ ಪಾದರಕ್ಷೆಯುಂಟೆಂದು ನಾನು ಕಂಡೇ ಇರಲಿಲ್ಲ” ಎಂದನು. ಒಂದು ನಾಣ್ಯದ ಬಯಲಿನಲ್ಲಿ ಹಾಲು ಚಿಮ್ಮಿದಂತೆ ಬಿಳಿಯ ಚುಕ್ಕೆಯೊಂದಿತ್ತು. ಈ ನಾಣ್ಯಗಳಲ್ಲಿ ಅಂಥ ಚುಕ್ಕೆಗಳು ಬಿಲ್ಲೆಯೊಳಗೆ ಭದ್ರವಾದ ಮೇಲೂ ತಾವಾಗಿ ಮೂಡುವುದುಂಟು. ಅದನ್ನು ಅವನು ಸಂಶಯವಿಲ್ಲದೆ ಕೆಳಗಿನ ಸಾಲಿಗೆ ಸರಿಸಿದನು. ಪಟ್ಟಿ ಬಿಚ್ಚಿ ನೋಡಿದರೆ ಚೀಟಿಯಲ್ಲಿ 70 ಎಂದಿತ್ತು.

ಅವನು ಚೀಟಿಯನ್ನೊಮ್ಮೆ, ಚುಕ್ಕೆಯನ್ನೊಮ್ಮೆ ನೋಡಿ, ಏನೂ ಮಾತಾಡದೆ ಪಟ್ಟಿಯನ್ನು ಮತ್ತೆ ಸುತ್ತಿ, ಬಿಲ್ಲೆಯನ್ನು ಕೆಳಗಿನ ಸಾಲಿನಲ್ಲಿಯೇ ಇಟ್ಟು, ಮುಂದಿನದನ್ನು ದೀಪದ ಬಳಿಗೆ ತೆಗೆದುಕೊಂಡನು.