ಪಾಟಲವರ್ಣದ ವಿಚಾರ

ಗೃಹಸ್ಥನೊಬ್ಬನು ತನ್ನ ಕೋಣೆಯ ಗೋಡೆಗಳಿಗಾಗಿ ಎರಡು ನಸುಗೆಂಪು ಬಣ್ಣಗಳನ್ನು ಆರಿಸಿಟ್ಟಿರುವನೆಂದು ವಾಚಕರು ಭಾವಿಸಲಿ. ಎರಡೂ ಕಣ್ಣಿಗೆ ಬೆಚ್ಚಗಿರತಕ್ಕವೇ. ಒಂದು, ಸುಣ್ಣದಲ್ಲಿ ಕೆಮ್ಮಣ್ಣನ್ನು ಕದಡಿದಂತೆ ಹಳದಿಯ ಕಡೆಗೆ ವಾಲಿದುದು. ಮತ್ತೊಂದು, ಗುಲಾಬಿಯ ಎಸಳಿನಂತೆ ನೀಲದ ಲೇಶವನ್ನು ಒಳಗಿಟ್ಟುಕೊಂಡುದು. ಹಗಲಿನಲ್ಲಿ ಗುಲಾಬಿಯೇ ಮನೋಹರವಾಗಿ ತೋರಲು ಅದನ್ನೇ ಬಳಿಸಿದನು. ರಾತ್ರಿ ದೀಪ ಹಚ್ಚಿದಾಗಲಾದರೋ ಅದು ಅವನು ಬೇಡವೆಂದ ಕೆಮ್ಮಣ್ಣಿನ ಬಣ್ಣದಂತೆಯೇ ಕಂಡಿತು. ಅಂಗೈಯಗಲದ ಮಾದರಿಗಿಂತ ಗಾಢವಾಗಿಯೂ ಕಂಡಿತು. ಕೂಡಲೆ ಬಣ್ಣದವನು ಮೋಸಮಾಡಿದನೆಂಬ ಮಾತು ಹೊರಡುವುದು. ಕೂಲಿಯಲ್ಲಿ ಕಡಿತವೂ ಆಗುವುದು. ಈ ಆರೋಪವು ನ್ಯಾಯವೆ?

ಬಣ್ಣವು ಎಲ್ಲಿರುವುದೆಂಬುದು ಮೊದಲು ನಿಶ್ಚಯವಾಗಬೇಕು. ನೈಯಾಯಿಕರ ಮತದಲ್ಲಿ ರೂಪವು ದ್ರವ್ಯದಲ್ಲಿ ಸಮವಾಯದಿಂದಿರುವ ಗುಣ. ಬೆಳಕು ಅದನ್ನು ಕಾಣಿಸುವುದಕ್ಕೆ ಸಹಕಾರಿಯೇ ಹೊರತು ಹುಟ್ಟಿಸತಕ್ಕದ್ದಲ್ಲ. ತರ್ಕಸಂಗ್ರಹವು ಎಣಿಸುವ ಏಳು ರೂಪಗಳಲ್ಲಿ ನಸುಗೆಂಪಿಗೆ ಬೇರೆ ಸ್ಥಾನವಿಲ್ಲ. ಅಮರಸಿಂಹನಾದರೋ ಬಿಳುಪು ಬೆರೆತ ಕೆಂಪನ್ನು ಪಾಟಲವೆಂದೂ ಸ್ಫುಟವಾಗಿ ತೋರದ ಕೆಂಪನ್ನು ಅರುಣವೆಂದೂ ಬೇರ್ಪಡಿಸಿರುವನು. ಇಲ್ಲಿ ಕೋಶಕಾರನ ಕಣ್ಣು ತಾರ್ಕಿಕನ ಕಣ್ಣಿಗಿಂತ ಹರಿತವೆನ್ನಬೇಕು. ಇನ್ನು ವೇದಾಂತಿಗಳ ದೃಷ್ಟಾಂತವುಂಟು: ದಾಸವಾಳದ ಸನ್ನಿಧಿಯಲ್ಲಿ ಸ್ಫಟಿಕವು ಕೆಂಪಾಗಿ ತೋರುವುದು, ಹೂವನ್ನು ತೆಗೆದರೆ ತನ್ನಂತೆ ನಿಲ್ಲುವುದು. ಗೋಡೆಗೆ ಇದು ಪೂರ್ತಿಯಾಗಿ ಹೊಂದದು. ಬೆಳಕೆಂಬ ಉಪಾಧಿಯನ್ನು ತೆಗೆದರೆ ಉಳಿಯುವುದು ಗೋಡೆಯ ನಿಜವರ್ಣವಲ್ಲ, ಬರಿಯ ಕತ್ತಲೆ. ಸೂರ್ಯನ ಬೆಳಕಾದರೂ ಮಧ್ಯಾಹ್ನಕ್ಕೊಂದು, ಸಂಜೆಗೊಂದು.

ಎಣ್ಣೆಯ ದೀಪದಲ್ಲಿಯೂ ತಂತಿ ಕಾದು ಬೆಳಗುವ ಹಳೆಯ ವಿದ್ಯುದ್ದೀಪದಲ್ಲಿಯೂ ನೀಲಕಿರಣಗಳು ಬಹು ಸ್ವಲ್ಪ. ಗೋಡೆಯು ತನ್ನ ಮೇಲೆ ಬಿದ್ದುದನ್ನು ಹಿಂದಿರುಗಿಸಬಲ್ಲದಲ್ಲದೆ, ಬೀಳದುದನ್ನು ಎಲ್ಲಿಂದ ತಂದೀತು? ಗುಲಾಬಿಯ ನೀಲಲೇಶವು ಅಲ್ಲಿ ಅಡಗಿಹೋಗುವುದು. ನಾಲ್ಕು ಗೋಡೆಗಳು ಬೆಳಕನ್ನು ಪರಸ್ಪರ ಎಸೆದಾಡುವುದರಿಂದ ಕೆಂಪು ಮತ್ತಷ್ಟು ದಟ್ಟವಾಗುವುದು.

ಇಂಥದೇ ದೂರೊಂದು ಪ್ಯಾರಿಸ್ ನಗರದ ಗೊಬೆಲಿನ್ ಚಿತ್ರಕಂಬಳಿಗಳ ಕಾರ್ಖಾನೆಯಲ್ಲಿಯೂ ಎದ್ದಿತ್ತು. ಅಲ್ಲಿ ಬಣ್ಣ ಕಟ್ಟಿದ ಕಪ್ಪುನೂಲು ಸತ್ತ್ವಹೀನವೆಂದು ಆಕ್ಷೇಪ. ಬಣ್ಣಗಾರಿಕೆಯ ಮೇಲಧಿಕಾರಿಯಾಗಿದ್ದ ರಸಾಯನಜ್ಞ ಶೆವ್ರಲ್ ಪರೀಕ್ಷಿಸಿ ನೋಡಲು, ದೋಷವು ನೂಲಿನದಲ್ಲ, ನೆರೆಯಲ್ಲಿದ್ದ ನೀಲ ನೇರಿಳೆಗಳಿಂದ ಕಪ್ಪು ಕಳೆಗುಂದಿತ್ತೆಂದು ತಿಳಿಯಿತು. 1839ರಲ್ಲಿ ಅವನು ಈ ವಿಷಯದ ಮೇಲೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದನು. ಅವನು ವಿಚಾರಿಸದೆ ಇದ್ದಿದ್ದರೆ ಬಣ್ಣ ಕಟ್ಟಿದವರ ತಲೆಯ ಮೇಲೆ ಅಪವಾದವು ಹಾಗೆಯೇ ನಿಲ್ಲುತ್ತಿತ್ತು.

ಬಣ್ಣದವರಲ್ಲಿ ವಂಚಕರೇ ಇಲ್ಲವೆಂದಲ್ಲ. ಸುಣ್ಣವನ್ನು ಹೆಚ್ಚಿಸಿ ಬಣ್ಣವನ್ನು ಉಳಿಸುವವರುಂಟು. ಆದರೆ ಹಾಗೆ ಉಳಿಸಿದ ಗೋಡೆ ಪೇಲವವಾದೀತೇ ಹೊರತು ಗಾಢವಾಗಲಾರದು. ದೂರು ಹೇಳುವವನು ಇಷ್ಟನ್ನಾದರೂ ಯೋಚಿಸಬಹುದಾಗಿತ್ತು. ಆ ಕೋಣೆಯಲ್ಲಿ ರಾತ್ರಿಯೇ ಹೆಚ್ಚಾಗಿ ಕೂಡುವವನಾದರೆ ಅವನಿಗೆ ಕೆಮ್ಮಣ್ಣೇ ಸಾಕಾಗಿದ್ದಿತು. ಹಗಲಿನಲ್ಲಿ ಕೂಡುವವನಾದರೆ ಬೆಳಗಾಗುವವರೆಗೆ ಕಾದರೆ ಸರಿ. ಹೇಗಾದರೂ ಬಣ್ಣದವನಿಗೆ ಪೂರ್ಣ ಕೂಲಿ ಸಲ್ಲತಕ್ಕದ್ದು.