ಮುಷ್ಟಿಯೊಳಗಿನ ಕವಡೆ

2016ರ ಆಗಸ್ಟ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನನ್ನ ಭಾವಮೈದನ ಕಂಪ್ಯೂಟರ್ ಅಂಗಡಿ. ಕಾಫಿ ಆರಿಹೋಗುವಷ್ಟು ಹೊತ್ತು ಇಬ್ಬರಿಗೂ ಜಟಾಪಟಿ. ಎಎಂಡಿಯವರು ಇನ್ನೂ ಮಾರಾಟಕ್ಕೇ ಬಾರದ ಝೆನ್ ಚಿಪ್ಪನ್ನು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಂಟೆಲ್‌ನ ಎಂಟು ಕೋರಿನ ಚಿಪ್ಪಿನ ಪಕ್ಕ ಇಟ್ಟು ಓಡಿಸಿದ್ದರು. ಎರಡಕ್ಕೂ 3 ಗಿಗಾಹರ್ಟ್ಸ್ ಕಡಿವಾಣ. ಬ್ಲೆಂಡರ್ ಎಂಬ ಒಂದೇ ಪ್ರೋಗ್ರಾಮು. ಝೆನ್ ಕೂದಲೆಳೆಯಷ್ಟು ಮುಂದೆ. ಒಂದು ಕ್ಲಾಕಿಗೆ ಆಗುವ ಕೆಲಸ ಹಿಂದಿನದಕ್ಕಿಂತ ಶೇ. 40 ಹೆಚ್ಚು ಎಂದು 2015ರಲ್ಲೇ ಸಾರಿದ್ದರು.

“ಬರೆದಿಟ್ಕೊಳ್ಳಿ ಭಾವ, ನಲವತ್ತು ಬಂದೇ ಬರತ್ತೆ” ಅಂದ. ನಾನು ಚಿಪ್ ವೆರಿಫಿಕೇಶನ್ ಕೆಲಸದವನು, ನಂಬದಿರುವುದಕ್ಕೇ ಸಂಬಳ. ಪ್ರೋಗ್ರಾಮು ಆರಿಸಿದವರು ಅವರೇ, ವೇಗ ಕಟ್ಟಿಹಾಕಿದವರೂ ಅವರೇ ಅಂದೆ. 2011ರ ಅವರ ಬುಲ್‌ಡೋಜರ್ ಚಿಪ್ಪನ್ನೂ ಎಳೆದು ತಂದೆ: ಎಂಟು ಕೋರೆಂದು ಬಂದದ್ದು ಕೆಲವು ಕೆಲಸಗಳಲ್ಲಿ ಅವರದೇ ಹಳೆಯ ಚಿಪ್ಪಿಗಿಂತ ಹಿಂದೆ ಬಿದ್ದಿತ್ತಲ್ಲ.

2017ರ ಮಾರ್ಚ್ 2ಕ್ಕೆ ಝೆನ್ ಚಿಪ್ಪು ರೈಜನ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಕಂಪನಿ ಹೇಳಿದ ಹೊಸ ಲೆಕ್ಕ ಶೇ. 52. ಹೊರಗಿನವರು ಅಳೆದಾಗಲೂ ಜಿಗಿತ ದೊಡ್ಡದೇ. ಭಾವಮೈದ ಗೆದ್ದ. ಸರಿ, ಆದರೆ ಅವನಿಗೆ ಗೊತ್ತಿತ್ತೇ?

ಅಪ್ಪ ಮೈಸೂರಿನಲ್ಲಿ ತರ್ಕ ಪಾಠ ಹೇಳುತ್ತಿದ್ದರು. ಹುಣಿಸೆ ಬೀಜ ಮುಷ್ಟಿಯಲ್ಲಿ ಹಿಡಿದು, “ಎಷ್ಟಿದೆ ಹೇಳ್ರೋ” ಅನ್ನುವರು. ಯಾರಾದರೂ ಸರಿ ಹೇಳಿದರೆ, “ನಿಜ ಹೇಳಿದೆ. ತಿಳಿದು ಹೇಳಿದೆಯಾ?” ಹನ್ನೆರಡನೇ ಶತಮಾನದ ಶ್ರೀಹರ್ಷ ‘ಖಂಡನಖಂಡಖಾದ್ಯ’ದಲ್ಲಿ ಇಟ್ಟ ತೊಡಕು ಇದು. ಮುಷ್ಟಿಯಲ್ಲಿ ಐದು ಕವಡೆ. ಎದುರಿನವನು ಸುಮ್ಮನೆ ‘ಐದು’ ಅನ್ನುತ್ತಾನೆ. ಮಾತು ಇದ್ದದ್ದಕ್ಕೆ ಸರಿಹೊಂದಿತು. ಅಷ್ಟಕ್ಕೇ ಅದು ಪ್ರಮೆ, ಅಂದರೆ ನಿಜವಾದ ಜ್ಞಾನವೇ? ಜ್ಞಾನಕ್ಕೆ ಲಕ್ಷಣ ಹೇಳಹೊರಟ ನೈಯಾಯಿಕರ, ಅಂದರೆ ನ್ಯಾಯದರ್ಶನದ ತಾರ್ಕಿಕರ, ಕಾಲಿಗೆ ಅವನು ಹಾಕಿದ ತೊಡರುಗಾಲು ಅದು.

ಕವಡೆಯ ಕತೆಯಲ್ಲಿ ಮುಷ್ಟಿ ಹಿಡಿದವನಿಗಾದರೂ ಎಣಿಕೆ ಗೊತ್ತು. ಇಲ್ಲಿ ನಲವತ್ತೆಂದವರ ಕೈಯಿಂದ ಐವತ್ತೆರಡು ಹೊರಬಂತು. ಸಿಲಿಕಾನ್ ಕೈಗೆ ಬರುವ ಮುಂಚೆ ಎಂಜಿನಿಯರ್ ಬಳಿ ಇರುವುದು ಸಿಮ್ಯುಲೇಶನ್ ಮಾತ್ರ. ತರ್ಕದ ಮಾತಿನಲ್ಲಿ ಅದು ಅನುಮಾನ, ಅಂದರೆ ಹೇತು ಹಿಡಿದು ಊಹಿಸಿದ್ದು; ಕಣ್ಣಾರೆ ಕಂಡ ಪ್ರತ್ಯಕ್ಷವಲ್ಲ. ಆದರೂ ಅನುಮಾನಕ್ಕೆ ಹೇತುವಾದರೂ ಇರುತ್ತದೆ. ನನ್ನ ಭಾವಮೈದನಿಗೆ ಇದ್ದದ್ದು ಆಸೆ.

ನನಗೆ? ನ್ಯಾಯಸೂತ್ರ ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರು ಮಾಡುತ್ತದೆ. ತನ್ನ ಪಕ್ಷವನ್ನೇ ಇಡದೆ ಎದುರಿನವನದನ್ನು ಕೆಡವುವುದು ವಿತಂಡ. ಆ ದಿನ ಅವನು ಮೂರು ಸಲ ಕೇಳಿದ್ದ, “ಹಾಗಾದ್ರೆ ಎಷ್ಟು ಬರತ್ತೆ, ನೀವೇ ಹೇಳಿ ಭಾವ.” ನಾನು ಬಾಯಿಬಿಟ್ಟಿರಲಿಲ್ಲ.

ಈಗ ಹೊಸ ಚಿಪ್ಪಿನ ಸುದ್ದಿ ಬಂದರೆ ಬಿಲ್ ಪುಸ್ತಕದ ಹಿಂಬದಿಯಲ್ಲಿ ಮೊದಲು ನನ್ನ ಸಂಖ್ಯೆ ಬರೆಸಿಕೊಳ್ಳುತ್ತಾನೆ. ಅಲ್ಲಿಯವರೆಗೆ ಕಾಫಿ ತರಿಸುವುದಿಲ್ಲ.