ಸುಲಭ ಅಂದವರು ಯಾರು?

ಪುಣೆಗೆ ಬಂದು ಹದಿನೆಂಟು ವರ್ಷವಾಯಿತು. ಊರಿನಿಂದ ಯಾರೇ ಬರಲಿ, ಮೊದಲ ದಿನ ಶನಿವಾರವಾಡಾ, ದಗಡೂಶೇಠ್ ಗಣಪತಿ. ಎರಡನೇ ದಿನ ಯಾವುದಾದರೊಂದು ಕೋಟೆ. ಇದು ನಮ್ಮ ಮನೆಯ ಪದ್ಧತಿ. ಸುತ್ತಲೂ ಸಹ್ಯಾದ್ರಿ ಇದೆಯಲ್ಲ. ಇಲ್ಲಿಯ ಚಾರಣದ ಮಂದಿ ಪ್ರತಿ ಕೋಟೆಗೂ ಒಂದು ದರ್ಜೆ ಕೊಟ್ಟಿರುತ್ತಾರೆ: ಸೋಪಿ, ಮಧ್ಯಮ, ಕಠಿಣ. ಸೋಪಿ ಅಂದರೆ ಸುಲಭ. ಈ ಒಂದು ಶಬ್ದದಿಂದ ನಾನೊಮ್ಮೆ ದೊಡ್ಡ ತಪ್ಪು ಮಾಡಿದೆ.

ರೋಣದ ಕಡೆಯಿಂದ ನಮ್ಮ ಕಾಕಾ ಬಂದಿದ್ದರು. ನಿವೃತ್ತ ಮಾಸ್ತರು, ಅರವತ್ತೆರಡು ವರ್ಷ. ಜೀವನವೆಲ್ಲ ಎರಿ ನೆಲದ ಮೇಲೆ ನಡೆದವರು. "ತೋರಣಾಕ್ಕ ಹೋಗೋಣ ಕಾಕಾ, ಸುಲಭ ಐತಿ" ಅಂದೆ. ತೋರಣಾ 1,403 ಮೀಟರ್ ಎತ್ತರ. ವೆಲ್ಹೆ ಊರಿನಿಂದ ಎರಡೂವರೆ ತಾಸಿನ ಏರು. ನಾನು ಅದನ್ನು ಐದು ಸಲ ಹತ್ತಿದ್ದೆ. ಅದು ಜುಲೈ ತಿಂಗಳು, ಜಿನುಗು ಮಳೆ.

ಮೇಲಿನ ಬಿನಿ ದರವಾಜಾ ಹತ್ತಿರವಾದಂತೆ ದಾರಿ ಬಂಡೆಯಾಗುತ್ತದೆ. ಪಕ್ಕಕ್ಕೆ ಕಬ್ಬಿಣದ ಕಂಬಿ, ಅದರಾಚೆ ಕಣಿವೆ. ಕಾಕಾ ಕಂಬಿ ಹಿಡಿದು ನಿಂತುಬಿಟ್ಟರು. "ನೀವು ಹೋಗಿ ಬರ್ರಿ, ನಾ ಇಲ್ಲೇ ಕುಂತಿರ್ತೀನಿ" ಅಂದರು. ಅರ್ಧ ತಾಸಿನಲ್ಲಿ ಬರುತ್ತೇವೆಂದು ನಾವು ನಾಲ್ವರೂ ಹೋದೆವು. ಬಂದದ್ದು ಒಂದೂವರೆ ತಾಸಿಗೆ. ಅಷ್ಟರಲ್ಲಿ ಮಂಜು ಇಳಿದಿತ್ತು. ಕಾಕಾ ಅಲ್ಲಿರಲಿಲ್ಲ.

ಎರಡು ತಾಸು ಕೂಗುತ್ತಾ ಇಳಿದೆವು. ಚಳಿ ತಡೆಯಲಾರದೆ ಅವರು ಒಬ್ಬರೇ ಇಳಿಯಲು ಹೋಗಿ, ದನ ಓಡಾಡುವ ದಾರಿ ಹಿಡಿದು ತಪ್ಪಿಸಿಕೊಂಡಿದ್ದರು. ಯಾರೋ ದನ ಕಾಯುವವನು ಕೈಹಿಡಿದು ವೆಲ್ಹೆಗೆ ಕರೆತಂದಿದ್ದ. ಚಹಾದಂಗಡಿಯಲ್ಲಿ ಕೂತಿದ್ದರು, ಒದ್ದೆ ಧೋತರ, ತರಚಿದ ಅಂಗೈ. ಸಿಟ್ಟಾಗಲಿಲ್ಲ. "ಕಠಿಣ ಐತಿ ಅಂತ ಮೊದಲ ಹೇಳಿದ್ರ ನಾ ಬರತಿದ್ದಿಲ್ಲಪಾ. ಅಷ್ಟ" ಅಂದರು.

ನಾನು ಸುಳ್ಳು ಹೇಳಿದ್ದೆನೇ? ನನ್ನ ಕಾಲಿಗೆ ಅದು ಸುಲಭವೇ ಆಗಿತ್ತು. ಆದರೆ ಸುಲಭ ಅನ್ನುವುದು ಗುಡ್ಡದ ಗುಣವಲ್ಲ. ಗುಡ್ಡಕ್ಕೂ ಹತ್ತುವ ಕಾಲಿಗೂ ನಡುವಿನ ಲೆಕ್ಕ ಅದು. ಹರಿಶ್ಚಂದ್ರಗಡವನ್ನೇ ನೋಡಿ. ಪಾಚನಈ ಕಡೆಯಿಂದ ಹೋದರೆ ಹೊಸಬರೂ ಹತ್ತುತ್ತಾರೆ. ಖಿರೇಶ್ವರದಿಂದ ತೋಲಾರ ಖಿಂಡಿಯ ಮೇಲೆ ಹೋದರೆ ದಮ್ಮು ಬೇಕು. ನಳೀಚಿ ವಾಟ್ ಅನ್ನುವ ಸೀಳಿನಲ್ಲಿ ಹೋಗುವುದಾದರೆ ಪಳಗಿದವರೇ ಆಗಬೇಕು. ಶಿಖರ ಒಂದೇ, ದಾರಿ ಮೂರು. ಇನ್ನು ನಾಸಿಕ್ ಕಡೆಯ ಹರಿಹರ ಕೋಟೆಯ ಏರು ದೊಡ್ಡದೇನಲ್ಲ, ಆದರೆ ಬಂಡೆಯಲ್ಲಿ ಕಡಿದ ಮೆಟ್ಟಿಲುಗಳು ಏಣಿಯಂತೆ ನೆಟ್ಟಗಿವೆ. ಕಾಲು ಗಟ್ಟಿಯಿದ್ದವನಿಗೂ ಎತ್ತರದ ಭಯವಿದ್ದರೆ ಮುಗಿಯಿತು.

ಆದ್ದರಿಂದ ಈಗ ನಾನು ಸುಲಭ, ಕಠಿಣ ಎನ್ನುವುದನ್ನು ಬಿಟ್ಟಿದ್ದೇನೆ. ಏರಲು ಎಷ್ಟು ತಾಸು, ಇಳಿಯಲು ಎಷ್ಟು. ಕೈಯೂರಿ ಹತ್ತುವ ಬಂಡೆ ಇದೆಯೇ. ಪಕ್ಕದಲ್ಲಿ ಕಣಿವೆ ಕಾಣುತ್ತದೆಯೇ. ನೀರು ಎಲ್ಲಿ ಸಿಗುತ್ತದೆ. ಸಾಕೆನಿಸಿದರೆ ಎಲ್ಲಿಂದ ಮರಳಬಹುದು. ಮಳೆ ಬಂದರೆ ಏನು? ಇಷ್ಟು ಹೇಳಿ ಸುಮ್ಮನಾಗುತ್ತೇನೆ.

ಸುಮ್ಮನಾಗುವುದನ್ನೂ ಕಲಿಯಬೇಕಾಯಿತು. ತೋರಣಾದ ನಂತರ ಎಲ್ಲರ ಪರವಾಗಿ ನಾನೇ ತೀರ್ಮಾನ ಮಾಡತೊಡಗಿದ್ದೆ. ಪಕ್ಕದ ಮನೆಯ ಪುತ್ತೂರಿನ ಅಮ್ಮನಿಗೆ "ನಿಮಗೆ ಲೋಹಗಡ ಸಾಕು, ತುದಿಯವರೆಗೂ ಮೆಟ್ಟಿಲಿದೆ" ಅಂದೆ. "ಕುಮಾರಪರ್ವತ ಎರಡು ಸಲ ಹತ್ತಿದ್ದೇನೆ ಮಾರಾಯ್ರೇ, ನನ್ನ ಕಾಲಿನ ಸುದ್ದಿ ನಿಮಗೆಂತ ಗೊತ್ತು?" ಅಂದರು. ಸುಲಭ ಎಂದು ನಂಬಿಸುವುದೂ ನಿಮ್ಮಿಂದಾಗದು ಎಂದು ತಡೆಯುವುದೂ ಒಂದೇ ತಪ್ಪಿನ ಎರಡು ಮುಖ. ಎರಡರಲ್ಲೂ ಆಯ್ಕೆಯನ್ನು ನಾವು ಕಸಿದುಕೊಳ್ಳುತ್ತೇವೆ.

ಹಾಗಾದರೆ ಗುಂಪಿನಲ್ಲಿ ಹೋದಾಗ? ಒಬ್ಬರಿಗಾಗಿ ಉಳಿದವರು ಶಿಖರ ಬಿಡಬೇಕೇ ಎಂದು ಗೆಳೆಯರು ವಾದಿಸುತ್ತಾರೆ. ಬಿಡಬೇಕು ಎಂದೇ ನನ್ನ ಉತ್ತರ. ಬಲವಿದ್ದವನಿಗೆ ಮುಂದಿನ ಭಾನುವಾರವಿದೆ. "ನೀವು ಹೋಗಿ ಬರ್ರಿ" ಎಂಬ ಮಾತು ಒಪ್ಪಿಗೆಯಲ್ಲ, ಅದು ಸಂಕೋಚ. ಅದು ಗೊತ್ತಿದ್ದೂ ನಾನು ಹೋದೆ. ಬೇರೆ ಊರಿನಲ್ಲಿ ನೆಲೆನಿಂತವನಿಗೆ 'ಇದು ನನ್ನ ಗುಡ್ಡ' ಎಂದು ತೋರಿಸುವ ಹುಮ್ಮಸ್ಸು ಇರುತ್ತದೆ. ಅದೇ ಹುಮ್ಮಸ್ಸಿನಲ್ಲಿ ಊರಿನ ಹುಡುಗರಿಗೆ ಫೋನಿನಲ್ಲಿ "ಬಾರೋ, ಪುಣೆಯಲ್ಲಿ ಕೆಲಸ ಸಿಗೋದು ಸುಲಭ" ಎಂದಿದ್ದೇನೆ. ಬಾಡಿಗೆ, ಭಾಷೆ, ಒಂಟಿತನದ ಸುದ್ದಿ ಎತ್ತಿರಲಿಲ್ಲ. ಬರುವವರಿಗೆ ದಾರಿ ಗೊತ್ತಿರುವುದಿಲ್ಲ, ನಮ್ಮ ಮಾತೊಂದೇ ಗೊತ್ತಿರುವುದು.

ಮರುವರ್ಷ ಕಾಕಾ ಮತ್ತೆ ಬಂದರು. ಸಿಂಹಗಡದ ವಿಷಯ ಪೂರ್ತಿ ಹೇಳಿದೆ: ಆತಕರವಾಡಿಯಿಂದ ಕಾಲುದಾರಿ, ಇನ್ನೊಂದು ಕಡೆಯಿಂದ ಮೇಲಿನವರೆಗೆ ಮೋಟಾರು ರಸ್ತೆ. ಸ್ವಲ್ಪ ಹೊತ್ತು ಯೋಚಿಸಿ, "ಹಂಗಾರ ನಡಕೊಂತ ಏರೂದು, ಜೀಪಿನಾಗ ಇಳಿಯೂದು" ಅಂದರು. ನಾಲ್ಕು ಕಡೆ ಕೂತು, ಎರಡೂವರೆ ತಾಸಿಗೆ ಮೇಲೆ ಮುಟ್ಟಿದೆವು. ಪಿಠಲಾ, ಭಾಕರಿ, ಕುಡಿಕೆಯ ಮೊಸರು. "ನಮ್ಮ ರೊಟ್ಟಿ ಇದಕ್ಕಿಂತ ತೆಳ್ಳಗ ಇರ್ತಾವ" ಎನ್ನುತ್ತಾ ಕಾಕಾ ಎರಡು ಭಾಕರಿ ತಿಂದರು.